ಕಂಚಿನ ಕಂಠ, ಹಿತ್ತಾಳೆ ಕಿವಿ

ಕಳೆದ ವರ್ಷ ಗಣಪತಿ ಹಬ್ಬದ ಸಮಯ. ಶಿರಾ ತಾಲ್ಲೂಕಿನ ನಮ್ಮ ತಾವರೆಕೆರೆಗೆ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ರಾತ್ರಿ ಆರ್ಕೆಸ್ಟ್ರಾ ಏರ್ಪಾಡಾಗಿತ್ತು. ನನ್ನ ಮಗ ಅದರಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ರಾತ್ರಿ ಹಬ್ಬ, ಮದುವೆ, ರಾಜ್ಯೋತ್ಸವ ಅಂತ ಆರ್ಕೆಸ್ಟ್ರಾ. ಒಂದು ರಾತ್ರಿಗೆ ಸಾವಿರದ ಐನೂರು ರೂಪಾಯಿ ಸಿಕ್ಕರೆ ಅದರಲ್ಲಿ ಐನೂರು ತಂದು ನನ್ನ ಕೈಗೆ ಹಾಕುತ್ತಾನೆ. ಬೇಡ ಅಂದರೂ ಕೇಳುವುದಿಲ್ಲ.

ಆ ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದರೆ ಹುಡುಗನ ಮುಖ ಸಪ್ಪೆ. ಕೈಗೆ ದುಡ್ಡು ಬರಲಿಲ್ಲ. ‘ಅಮ್ಮಾ, ಸಿಂಬಲ್ ಒಡೆದೋಯ್ತು’ ಅಂದ.

ಪಡಸಾಲೆಯಲ್ಲಿ ಮಲಗಿದ್ದ ನಮ್ಮತ್ತೆ ಎದ್ದು ಕುಳಿತರು. ‘ಸಿಂಬಲ್ ಒಡೆದೋಯ್ತಾ? ಯಾವ ಪಾರ್ಟಿದ್ಲಾ?’

ಪಾಪ, ಅವರಿಗೆ ಸಿಂಬಲ್ ಅಂದರೆ ಚುನಾವಣೆಯ ಗುರುತು. ಬೇಸರದಲ್ಲೂ ಮೂವರೂ ನಕ್ಕೆವು. ಆಮೇಲೆ ಅವನು ಚೀಲದಿಂದ ತೆಗೆದು ತೋರಿಸಿದ ಹಳದಿ ತಟ್ಟೆಯ ಅಂಚಿನಲ್ಲಿ ನನ್ನ ನಡುಬೆರಳಿನಷ್ಟು ಉದ್ದದ ಸೀಳು. ಮೂರನೆಯ ಹಾಡಿನಲ್ಲೇ ಅದು ‘ಝಣ್’ ಅನ್ನುವುದು ಬಿಟ್ಟು ಒಡಕು ಮಡಕೆಯ ಹಾಗೆ ‘ಟರ್ರ್’ ಅಂದಿತಂತೆ. ಮುಂದೆ ಕುಳಿತಿದ್ದ ಹುಡುಗರು ಪ್ರತಿ ಏಟಿಗೂ ಸಿಳ್ಳೆ ಹಾಕಿದರಂತೆ. ತಂಡ ನಡೆಸುವವರು ಆ ರಾತ್ರಿಯ ಹಣ ಹಿಡಿದುಕೊಂಡು ಒಂದು ಮಾತು ಹೇಳಿ ಕಳಿಸಿದ್ದರು: ಕಾರ್ತಿಕದ ಮದುವೆಗಳು ಶುರುವಾಗುವುದರೊಳಗೆ ಸರಿಯಾದ ಸಿಂಬಲ್ ತಾ, ಇಲ್ಲದಿದ್ದರೆ ಬೇರೆ ಹುಡುಗನನ್ನು ನೋಡಿಕೊಳ್ಳುತ್ತೇವೆ.

ಆ ತಟ್ಟೆಗಳನ್ನು ಕೊಂಡು ಒಂದು ವರ್ಷವೂ ಆಗಿರಲಿಲ್ಲ. ಕೊಡಿಸಿದವಳು ನಾನೇ. ಪಕ್ಕದ ಪಟ್ಟಣದ ಅಂಗಡಿಯೊಂದರಲ್ಲಿ ಗಾಜಿನ ಬೀರುವಿನಲ್ಲಿ ಬಂಗಾರದ ಹಾಗೆ ಹೊಳೆಯುತ್ತಿದ್ದವು. ‘ಫಾರಿನ್ ಮಾಲು ಅಮ್ಮಾ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ’ ಅಂದರು. ನಂಬಿದೆ. ಬಡಿದು ನೋಡಬೇಕು ಅನ್ನುವುದು ನನಗೂ ಹೊಳೆಯಲಿಲ್ಲ, ಮಗನಿಗೂ ಕೇಳಲು ಸಂಕೋಚ. ಸಂತೆಯಲ್ಲಿ ಹತ್ತು ರೂಪಾಯಿಯ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ನಾವು ಸಾವಿರಗಟ್ಟಲೆ ಕೊಡುವಾಗ ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವಲ್ಲ, ಇದು ಯಾವ ನ್ಯಾಯವೋ!

ಮರುದಿನ ಅತ್ತೆ ಸುಮ್ಮನೆ ಕೂರಲಿಲ್ಲ. ಅಟ್ಟದಿಂದ ತಮ್ಮ ಕಂಚಿನ ಗಂಗಾಳ ಇಳಿಸಿದರು. ಅದು ಅವರ ತವರಿನಿಂದ ಬಂದದ್ದು. ಒಂದು ಕೈಯಲ್ಲಿ ಬೆರಳ ತುದಿಯ ಮೇಲೆ ಅದನ್ನು ಕೂರಿಸಿಕೊಂಡು ಮುದ್ದೆ ಕೋಲಿನಿಂದ ಮೆತ್ತಗೆ ತಟ್ಟಿದರು. ‘ಎಣಿಸೇ’ ಅಂದರು. ನಾನು ಎಣಿಸುತ್ತ ಹೋದೆ, ಇಪ್ಪತ್ತರ ತನಕ ನಾದ ನಿಲ್ಲಲಿಲ್ಲ. ಆಮೇಲೆ ಮಗನ ಸಿಂಬಲ್ಲುಗಳಲ್ಲಿ ಒಡೆಯದೆ ಉಳಿದಿದ್ದ ಒಂದನ್ನು ಹಾಗೆಯೇ ತಟ್ಟಿದರು. ಆರು ಎಣಿಸುವಷ್ಟರಲ್ಲಿ ಉಸಿರು ನಿಂತಿತು.

‘ಇದು ಹಿತ್ತಾಳೆ ಕಣೇ. ಹಿತ್ತಾಳೆ ಕೊಡಕ್ಕೆ ಚೆನ್ನ, ತಾಳಕ್ಕೆ ಕಂಚೇ ಆಗ್ಬೇಕು. ಕಂಚಿನ ಕಂಠ ಅಂತ ಹೊಗಳ್ತಾರೆ, ಹಿತ್ತಾಳೆ ಕಂಠ ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀಯಾ?’ ಒಂದು ಗಳಿಗೆ ಬಿಟ್ಟು ಸೇರಿಸಿದರು: ‘ಹಿತ್ತಾಳೆ ಕಿವಿ ಅಂತ ಅಂತಾರೆ. ಅದು ನಿಂದು.’

ಮೂವತ್ತು ವರ್ಷ ಸೊಸೆಯಾಗಿದ್ದೇನೆ, ಈ ಮಾತಿಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಅತ್ತೆ ಭಜನೆ ಮನೆಯಲ್ಲಿ ನಲವತ್ತು ವರ್ಷದಿಂದ ತಾಳ ಹಾಕುವವರು. ಅವರ ಕೈತಾಳ ಸಿದ್ಧಗಂಗೆ ಜಾತ್ರೆಯಲ್ಲಿ ಕೊಂಡದ್ದು, ಇವತ್ತಿಗೂ ಒಂದು ಸೀಳಿಲ್ಲ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ.

ಯಾವ ತಟ್ಟೆ ಯಾತಕ್ಕೆ

ಡ್ರಮ್ ಸೆಟ್ಟನ್ನು ನೀವೆಲ್ಲ ಮದುವೆ ಮಂಟಪದಲ್ಲೋ ಟಿ.ವಿ.ಯಲ್ಲೋ ನೋಡಿರುತ್ತೀರಿ. ಚರ್ಮದ ಹಾಗೆ ಕಾಣುವ ಪೊರೆ ಬಿಗಿದ ದುಂಡನೆಯ ಡೋಲುಗಳು ಕೆಳಗೆ, ಕಂಬಗಳ ಮೇಲೆ ಲೋಹದ ತಟ್ಟೆಗಳು. ಆ ತಟ್ಟೆಗಳೇ ಸಿಂಬಲ್. ನಮ್ಮ ತಾಳದ ಜಾತಿಯೇ, ಗಾತ್ರ ದೊಡ್ಡದು ಅಷ್ಟೆ.

ಸಾಮಾನ್ಯವಾಗಿ ಮೂರು ಬಗೆ ಬೇಕಾಗುತ್ತದೆ. ಒಂದರ ಮೇಲೊಂದು ಕೂತು ಕಾಲಿನ ಪೆಡಲಿನಿಂದ ಬಾಯಿ ತೆರೆದು ಮುಚ್ಚುವ ಜೋಡಿ ತಟ್ಟೆಗೆ ಹೈ-ಹ್ಯಾಟ್ ಅನ್ನುತ್ತಾರೆ. ಇದು ಹೆಚ್ಚಾಗಿ 14 ಅಂಗುಲ. ಭಜನೆಯ ಕೈತಾಳ ಮಾಡುವ ಕೆಲಸವನ್ನೇ ಇದು ಮಾಡುವುದು, ಹಾಡಿನ ಉದ್ದಕ್ಕೂ ಲೆಕ್ಕ ಹಿಡಿಯುವುದು. ಎರಡನೆಯದು ರೈಡ್, ಸುಮಾರು 20 ಅಂಗುಲದ ದೊಡ್ಡ ತಟ್ಟೆ, ‘ಟಿಂಗ್ ಟಿಂಗ್’ ಅಂತ ಬಿಡಿಬಿಡಿಯಾಗಿ ನುಡಿಯಬೇಕು. ಮೂರನೆಯದು ಕ್ರ್ಯಾಶ್, 16 ಅಂಗುಲದ ಆಸುಪಾಸು. ಪಲ್ಲವಿ ಮುಗಿದು ಚರಣ ಶುರುವಾಗುವಾಗ ‘ಝಯ್ಯ್’ ಅಂತ ಒಂದೇ ಏಟು ಬೀಳುತ್ತದಲ್ಲ, ಅದು. ಒಡೆದದ್ದು ಈ ಮೂರನೆಯದು. ಆದರೆ ಬಡಿದು ನೋಡಿದ ಮೇಲೆ ಉಳಿದ ಮೂರು ತಟ್ಟೆಗಳೂ ಅದೇ ಮನೆಯ ಮಕ್ಕಳು ಅಂತ ಗೊತ್ತಾಯಿತು.

ನಾವು ಕೂಡಿಟ್ಟದ್ದು ಎಷ್ಟು? ಕಡಲೆಕಾಯಿ ಮಾರಿ ಬಂದದ್ದರಲ್ಲಿ ಯಜಮಾನರು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟದ್ದು ಹತ್ತು ಸಾವಿರ, ನನ್ನ ಚೀಟಿ ಹಣ ಹದಿನಾಲ್ಕು ಸಾವಿರ. ಒಟ್ಟು 24,000. ಹೆಸರಾಂತ ವಿದೇಶಿ ಕಂಪನಿಯ ಮೇಲ್ದರ್ಜೆಯ ಒಂದೇ ಒಂದು ರೈಡ್ ತಟ್ಟೆಗೂ ಅದು ಸಾಲದು ಅಂತ ಮಗ ಮೊಬೈಲಿನಲ್ಲಿ ಬೆಲೆ ತೆಗೆದು ತೋರಿಸಿದ. ಅಂದಮೇಲೆ ಹೆಸರು ಕೇಳಿರದ ಕಂಪನಿಯದನ್ನೇ ಕೊಳ್ಳಬೇಕು. ಕೊಂಡು ಮತ್ತೆ ಟೋಪಿ ಹಾಕಿಸಿಕೊಳ್ಳಬಾರದು. ಅದು ಹೇಗೆ ಅನ್ನುವುದೇ ನನ್ನ ತಲೆಬಿಸಿಯಾಯಿತು.

ಲೋಹದ ಗುಟ್ಟು

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಕಂಚು ಅಂದರೆ ತಾಮ್ರ ಮತ್ತು ತವರ. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಸಿಂಬಲ್ ಮಾಡುವವರಲ್ಲಿ ಮುಖ್ಯವಾಗಿ ಎರಡು ಬಗೆಯ ಕಂಚು ಬಳಕೆಯಲ್ಲಿದೆ. ನೂರು ಪಾಲಿನಲ್ಲಿ 80 ಪಾಲು ತಾಮ್ರ, 20 ಪಾಲು ತವರ ಇದ್ದರೆ ‘ಬಿ20’. 92 ಪಾಲು ತಾಮ್ರ, 8 ಪಾಲು ತವರ ಇದ್ದರೆ ‘ಬಿ8’. ಈ ಅಂಕಿಯನ್ನು ಪೆಟ್ಟಿಗೆಯ ಮೇಲೋ ತಟ್ಟೆಯ ಮೇಲೋ ಅಚ್ಚು ಹಾಕಿರುತ್ತಾರೆ. ಏನೂ ಬರೆದಿಲ್ಲ, ಬೆಲೆ ಬಹಳ ಅಗ್ಗ, ಬಣ್ಣ ನಿಂಬೆ ಹಳದಿ ಅಂದರೆ ಹಿತ್ತಾಳೆಯೇ ಇದ್ದೀತು ಅಂತ ಅನುಮಾನ ಪಡಿ.

ಬಿ20ರ ಬಿಲ್ಲೆಯನ್ನು ಎರಕ ಹೊಯ್ದು, ಕಾಯಿಸಿ ಲಟ್ಟಿಸಿ, ಸುತ್ತಿಗೆಯಿಂದ ಬಡಿದು ಮಾಡುತ್ತಾರೆ. ದನಿ ತುಂಬು, ನಿಧಾನವಾಗಿ ಆರುತ್ತದೆ. ಬಿ8 ತಟ್ಟೆಗಳನ್ನು ಸಾಮಾನ್ಯವಾಗಿ ಹಾಳೆಯಿಂದ ಕತ್ತರಿಸಿ ಮಾಡುವುದು. ದನಿ ಚುರುಕು, ಒಂದಕ್ಕೊಂದು ವ್ಯತ್ಯಾಸ ಕಡಿಮೆ. ಬಿ8 ಅಂದರೆ ಕೀಳು ಅಂತ ತಿಳಿಯಬೇಡಿ. ಸ್ವಿಟ್ಜರ್ಲೆಂಡಿನ ಪೈಸ್ಟೆ ಕಂಪನಿಯ ‘2002’ ಅನ್ನುವ ಪ್ರಸಿದ್ಧ ತಟ್ಟೆಗಳು ಈ ಬಗೆಯ ಕಂಚಿನವೇ.

ಕಂಚಿಗೆ ಒಂದು ವಿಚಿತ್ರ ಗುಣವಿದೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ತವರ ಹೆಚ್ಚಿರುವ ಕಂಚನ್ನು ಹಾಗೆ ಅದ್ದಿದರೆ ಅದರ ಬಿರುಸು ಕಡಿಮೆಯಾಗಿ ಏಟು ತಡೆಯುವ ಗುಣ ಬರುತ್ತದೆ. ಹಾಗೆ ಮಾಡದೆ ಬಡಿದರೆ ಹಪ್ಪಳದಂತೆ ಪುಡಿಯಾದೀತು. ಇದು ಪರದೇಶದವರು ನಮಗೆ ಹೇಳಿಕೊಟ್ಟ ವಿದ್ಯೆಯಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅನ್ನುವ ಹೆಣ್ಣುಮಗಳು ದಕ್ಷಿಣ ಭಾರತದ ಹಳೆಯ ಲೋಹಗಳ ಬಗ್ಗೆಯೇ ಸಂಶೋಧನೆ ಮಾಡಿದವರು. ಕೇರಳದ ಕುಶಲಕರ್ಮಿಗಳು ತವರ ಹೆಚ್ಚಿರುವ ಕಂಚನ್ನು ಕಾಯಿಸಿ ಬಡಿದು ನೀರಿಗೆ ಅದ್ದಿ ಪಾತ್ರೆ ಮಾಡುವ ಕ್ರಮವನ್ನು ಅವರು ಹತ್ತಿರದಿಂದ ನೋಡಿ ದಾಖಲಿಸಿದ್ದಾರೆ. ಭರತನಾಟ್ಯ ಕಲಾವಿದೆಯೂ ಹೌದು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೆಜ್ಜೆಯ ದನಿ ಗೊತ್ತಿದ್ದವರಿಗೆ ಲೋಹದ ಗುಟ್ಟು ಬೇಗ ಸಿಗುತ್ತದೋ ಏನೋ!

ನಮ್ಮಲ್ಲೇ ನೋಡಿ, ಮಲೆ ಮಹದೇಶ್ವರನ ಗುಡ್ಡರು ಬೀಸಿ ಬೀಸಿ ನುಡಿಸುವ ಕಂಸಾಳೆಗೆ ಆ ಹೆಸರು ಬಂದದ್ದೇ ಕಂಸ ಅಂದರೆ ಕಂಚಿನಿಂದ. ಕೇರಳದ ಚೆಂಡೆ ಮೇಳದ ಇಲತ್ತಾಳವೂ ಕಂಚೇ. ಮನೆಯಲ್ಲಿ ಅಜ್ಜಿಯ ಕಾಲದ ಕಂಚಿನ ಪಾತ್ರೆ ಒಂದಿದ್ದರೆ ಸಿಂಬಲ್ ಕೊಳ್ಳುವ ಮೊದಲು ಅದನ್ನು ಹತ್ತು ಸಲ ತಟ್ಟಿ ಕಿವಿಗೆ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಹಿತ್ತಾಳೆಯನ್ನು ಕಿವಿಯೇ ಬೇಡ ಅನ್ನುತ್ತದೆ.

ಅಣ್ಣತಮ್ಮಂದಿರ ಪಾಲು

ಈಗ ಹೆಸರಿನ ವಿಷಯ. ಸಿಂಬಲ್ ಲೋಕದಲ್ಲಿ ದೊಡ್ಡ ಹೆಸರು ಜಿಲ್ಜಿಯನ್. ಅವರ ಮನೆತನದ ಕಥೆ ನಮ್ಮ ಧಾರಾವಾಹಿಗಳಿಗೇನೂ ಕಡಿಮೆಯಿಲ್ಲ.

ಈಗಿನ ಇಸ್ತಾಂಬುಲ್ ನಗರದಲ್ಲಿ ಆವೆಡಿಸ್ ಅನ್ನುವ ಅರ್ಮೇನಿಯನ್ ಕುಶಲಕರ್ಮಿ ಇದ್ದ. ಅವನ ಕಂಚಿನ ತಾಳಕ್ಕೆ ಸುಲ್ತಾನ ಮೆಚ್ಚಿದ. ಅಲ್ಲಿಂದ ಆ ಮನೆಗೆ ಜಿಲ್ಜಿಯನ್ ಅನ್ನುವ ಹೆಸರು ನಿಂತಿತು. ತಾಳ ಮಾಡುವವನ ಮಗ ಅಂತ ಅದರ ಅರ್ಥ. ನಮ್ಮಲ್ಲಿ ಕಂಚುಗಾರರ ಮನೆ ಅನ್ನುವ ಹಾಗೆ. ಕಂಪನಿ ಶುರುವಾದದ್ದು 1623ರಲ್ಲಿ, ಅಮೆರಿಕಕ್ಕೆ ಹೋದದ್ದು 1929ರಲ್ಲಿ. ಲೋಹ ಬೆರೆಸುವ ಹದದ ಗುಟ್ಟನ್ನು ತಲೆತಲಾಂತರದಿಂದ ಗಂಡುಮಕ್ಕಳಿಗೆ ಮಾತ್ರ ಹೇಳಿಕೊಡುತ್ತಿದ್ದರು. 1979ರಲ್ಲಿ ಮನೆಯ ಹಿರಿಯ ತೀರಿಕೊಂಡ ಮೇಲೆ ಅರ್ಮಂಡ್, ರಾಬರ್ಟ್ ಅನ್ನುವ ಅಣ್ಣತಮ್ಮಂದಿರಿಗೆ ಜಗಳ ಹತ್ತಿತು, ಕೋರ್ಟು ಕಚೇರಿ ಆಯಿತು. ಕೊನೆಗೆ ರಾಬರ್ಟ್ ಪಾಲಿಗೆ ಕೆನಡಾದ ಕಾರ್ಖಾನೆ ಬಂತು. 1981ರಲ್ಲಿ ಅವರು ಹೊಸ ಕಂಪನಿ ಕಟ್ಟಿ, ತಮ್ಮ ಮೂವರು ಮಕ್ಕಳಾದ ಸ್ಯಾಲಿ, ಬಿಲಿ, ಆ್ಯಂಡಿ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ‘ಸೇಬಿಯನ್’ ಅಂತ ಹೆಸರಿಟ್ಟರು. ಆಗ ಅದು ಯಾರೂ ಕೇಳಿರದ ಹೆಸರು. ಒಳಗಿದ್ದ ಕೈ, ಒಳಗಿದ್ದ ವಿದ್ಯೆ ಮಾತ್ರ ಹಳೆಯದೇ. ಇವತ್ತು ಜಿಲ್ಜಿಯನ್ ಜೊತೆಗೇ ಅದರ ಹೆಸರೂ ಬರುತ್ತದೆ.

ಇತ್ತ ಅರ್ಮಂಡ್ ಅವರಿಗೆ ಹೆಣ್ಣುಮಕ್ಕಳು. ಅವರು ಹಳೆಯ ಕಟ್ಟಳೆ ಮುರಿದು ಗುಟ್ಟನ್ನು ಮಗಳಂದಿರಿಗೇ ಹೇಳಿದರು. ಮಗಳು ಕ್ರೇಗಿ 1999ರಲ್ಲಿ ಕಂಪನಿಯ ಮುಖ್ಯಸ್ಥೆಯಾದರು. ಇದನ್ನು ಅತ್ತೆಗೆ ಹೇಳಿದಾಗ ‘ಮುನ್ನೂರು ವರ್ಷ ಬೇಕಾಯ್ತಾ ಬುದ್ಧಿ ಬರಕ್ಕೆ?’ ಅಂದರು.

ಇಸ್ತಾಂಬುಲಿನಲ್ಲಿ ಉಳಿದವರ ಕಥೆಯೂ ಹೀಗೆಯೇ. ಅಲ್ಲಿನ ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಎಳೆಯ ವಯಸ್ಸಿನಿಂದ ದುಡಿದಿದ್ದ ಆಗೋಪ್, ಮೆಹಮತ್ ಅನ್ನುವ ಇಬ್ಬರು ಕೆಲಸಗಾರರು ಸೇರಿ 1980ರಲ್ಲಿ ಸ್ವಂತ ಕೆಲಸ ಶುರುಮಾಡಿದರು. 1996ರಲ್ಲಿ ಆಗೋಪ್ ತೀರಿಕೊಂಡ ಮೇಲೆ ಅದೂ ಎರಡು ಪಾಲಾಯಿತು. ಅವರವರ ಹೆಸರಿನಲ್ಲಿ ಎರಡೂ ನಡೆಯುತ್ತಿವೆ. ಇವಲ್ಲದೆ ತುರ್ಕಿಯಲ್ಲೂ ಚೀನಾದಲ್ಲೂ ನಾವು ಹೆಸರು ಕೇಳಿರದ ಸಣ್ಣ ದೊಡ್ಡ ಕಾರ್ಖಾನೆಗಳು ಎಷ್ಟೋ ಇವೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹೆಸರಿಲ್ಲ ಅಂದಮಾತ್ರಕ್ಕೆ ಕೀಳು ಮಾಲು ಅಲ್ಲ. ಇನ್ನೊಂದು ಕಡೆಯಿಂದಲೂ ನೋಡಿ. ದೊಡ್ಡ ಹೆಸರಿನವರೂ ಹೊಸದಾಗಿ ಕಲಿಯುವ ಮಕ್ಕಳಿಗೆಂದು ಅಗ್ಗದ ಹಿತ್ತಾಳೆ ತಟ್ಟೆ ಮಾಡುತ್ತಾರೆ. ಜಿಲ್ಜಿಯನ್‌ನವರ ‘ಪ್ಲಾನೆಟ್ ಜ಼ೆಡ್’, ಸೇಬಿಯನ್‌ನವರ ‘ಎಸ್‌ಬಿಆರ್’ ಅಂಥವು. ಹಿತ್ತಾಳೆ ಅಂತ ಅವರು ಮುಚ್ಚಿಡುವುದೂ ಇಲ್ಲ. ಮನೆಯಲ್ಲಿ ಕಲಿಯಲು ಅವು ಸಾಕು. ವಾರಕ್ಕೆ ನಾಲ್ಕು ರಾತ್ರಿ ಬಯಲಿನಲ್ಲಿ ಬಾರಿಸುವ ಹುಡುಗನಿಗೆ, ದೊಡ್ಡ ಹೆಸರಿನ ಹಿತ್ತಾಳೆಗಿಂತ ಚಿಕ್ಕ ಹೆಸರಿನ ಕಂಚು ಮೇಲು ಅನ್ನುವುದು ನನ್ನ ತೀರ್ಮಾನ. ಒಪ್ಪದವರೂ ಇದ್ದಾರೆ, ನನ್ನ ತಮ್ಮನೇ ಒಪ್ಪಲಿಲ್ಲ. ‘ಅಕ್ಕಾ, ನಾಳೆ ಮಾರೋಕೆ ಹೋದ್ರೆ ಹೆಸರಿಗೇ ಬೆಲೆ’ ಅಂದ. ಅದೂ ನಿಜವೇ. ಹೆಸರಿಲ್ಲದ್ದನ್ನು ಮಾರುವಾಗ ಅರ್ಧ ಬೆಲೆಯೂ ಹುಟ್ಟುವುದು ಕಷ್ಟ. ಮಾರುವ ಯೋಚನೆ ಇದ್ದವರು ಅವನ ಮಾತು ಕೇಳಿ.

ಬಳೇಪೇಟೆಯಲ್ಲಿ

ದೀಪಾವಳಿ ಕಳೆದ ವಾರ ಬೆಂಗಳೂರಿನ ಬಳೇಪೇಟೆಗೆ ಹೊರಟೆವು. ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದು. ವೀಣೆ, ಮೃದಂಗ, ಹಾರ್ಮೋನಿಯಂ ಅಂಗಡಿಗಳಿಗೆ ಹಿಂದಿನಿಂದ ಹೆಸರಾದ ಬೀದಿಗಳು. ಅತ್ತೆ ಬರುತ್ತೇನೆ ಅಂತ ಹಟ ಹಿಡಿದರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲವಲ್ಲ, ಮಗನಿಗೆ ಮಾತ್ರ ಟಿಕೆಟ್. ಬುತ್ತಿಗೆ ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ. (ಆ ಚಟ್ನಿಪುಡಿಯ ವಿಧಾನ ಇನ್ನೊಮ್ಮೆ ಬರೆಯುತ್ತೇನೆ, ಬೆಳ್ಳುಳ್ಳಿ ಹುರಿಯುವುದರಲ್ಲಿ ಒಂದು ಗುಟ್ಟಿದೆ.) ಮಗನ ಚೀಲದಲ್ಲಿ ಅವನದೇ ಬಾರಿಸುವ ಕಡ್ಡಿಗಳು. ಇದು ಮುಖ್ಯ. ಅಂಗಡಿಯ ಕಡ್ಡಿ ದಪ್ಪವಿದ್ದರೆ ದನಿಯೇ ಬೇರೆಯಾಗಿ ಕೇಳಿಸುತ್ತದೆ.

ಮೊದಲ ಅಂಗಡಿಯಲ್ಲಿ ‘ಕೈಯಲ್ಲಿ ಹಿಡ್ಕೊಂಡು ತಟ್ಟಿ ನೋಡಿ, ಕಂಬಕ್ಕೆ ಹಾಕಿದ್ರೆ ಗೀರು ಬೀಳುತ್ತೆ’ ಅಂದರು. ಕೈಯಲ್ಲಿ ಹಿಡಿದರೆ ಬೆರಳೇ ನಾದವನ್ನು ನುಂಗುತ್ತದೆ. ಅತ್ತೆ ಒಂದೂ ಮಾತಾಡದೆ ಹೊರಗೆ ಬಂದರು, ನಾವೂ ಹಿಂದೆ ಬಂದೆವು. ಎರಡನೆಯ ಅಂಗಡಿಯವರು ಸಜ್ಜನರು. ‘ಬನ್ನಿ ಅಮ್ಮಾ, ಎಷ್ಟು ಹೊತ್ತಾದ್ರೂ ಬಡಿದು ನೋಡಿ’ ಅಂತ ಕಂಬ ನಿಲ್ಲಿಸಿಕೊಟ್ಟು ಅತ್ತೆಗೆ ಕುರ್ಚಿ ಹಾಕಿದರು.

ಮಗ ಮೊದಲು ಕೈ ಹಾಕಿದ್ದು ಕ್ರ್ಯಾಶಿಗೆ. ಒಡೆದದ್ದು ಅದು, ಅವನಿಗೆ ಅದೇ ಚಿಂತೆ. ನಾನು ತಡೆದೆ. ಹಾಡಿನಲ್ಲಿ ಕ್ರ್ಯಾಶ್ ಬೀಳುವುದು ಅಲ್ಲೊಂದು ಇಲ್ಲೊಂದು, ಹೈ-ಹ್ಯಾಟ್ ಮತ್ತು ರೈಡ್ ಮೊದಲಿನಿಂದ ಕೊನೆಯ ತನಕ. ದುಡ್ಡು ಕಡಿಮೆಯಿದ್ದಾಗ ದಿನಾ ಉರಿಯುವ ಒಲೆಗೆ ಮೊದಲು, ಹಬ್ಬದ ಬಾಣಲೆಗೆ ಆಮೇಲೆ.

ಬಿ20 ಅಂತ ಅಚ್ಚು ಹಾಕಿದ, ಹೆಸರು ಕೇಳಿರದ ಚೀನಾದ ಹೈ-ಹ್ಯಾಟ್ ಮೂರು ಜೋಡಿ ಇತ್ತು. ಮೂರಕ್ಕೂ ಒಂದೇ ಅಚ್ಚು, ಒಂದೇ ಬೆಲೆ. ಮೂರರ ದನಿಯೂ ಬೇರೆ ಬೇರೆ! ಕೈಯಿಂದ ಬಡಿದು ಮಾಡಿದ ತಟ್ಟೆಯಲ್ಲಿ ಹೀಗಾಗುವುದು ಸಹಜವಂತೆ. ಸಣ್ಣ ಕಂಪನಿಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಆದ್ದರಿಂದ ಮಾದರಿ ತೋರಿಸಿ ಒಳಗಿನಿಂದ ಬೇರೆ ಪೆಟ್ಟಿಗೆ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ, ಬಡಿದು ನೋಡಿದ ತಟ್ಟೆಯನ್ನೇ ಕಟ್ಟಿಸಿಕೊಳ್ಳಿ. ಮೊಬೈಲಿನ ವಿಡಿಯೋ ಕೇಳಿ ತರಿಸುವವರಿಗೆ ಇದೇ ತೊಂದರೆ. ಅದರಲ್ಲಿ ನುಡಿಯುವುದು ಯಾವುದೋ ತಟ್ಟೆ, ಮನೆಗೆ ಬರುವುದು ಇನ್ಯಾವುದೋ.

ಅತ್ತೆಯ ಪರೀಕ್ಷೆ ಸರಳ. ‘ಮೂರು ಏಟು ಹಾಕ್ಲಾ. ಮೆತ್ತಗೊಂದು, ಹದವಾಗೊಂದು, ಜೋರಾಗೊಂದು. ಮೂರಕ್ಕೂ ಒಂದೇ ತರ ಕಿರುಚಿದ್ರೆ ಅದು ಬೇಡ.’ ಒಂದು ಜೋಡಿ ಹಾಗೆಯೇ ಕಿರುಚಿತು. ಎರಡನೆಯದರ ದನಿ ಚೆನ್ನಾಗಿತ್ತು, ಆದರೆ ಪೆಡಲ್ ಒತ್ತಿ ಬಾಯಿ ಮುಚ್ಚಿದಾಗ ‘ಚಿಕ್’ ಅನ್ನದೆ ‘ಪಸ್’ ಅಂತ ಗಾಳಿ ಬಿಟ್ಟಿತು. ಮೂರನೆಯದು ಸರಿಹೋಯಿತು.

ರೈಡ್ ಆರಿಸುವಾಗ ನಾನು ಮೋಸ ಹೋಗುವುದರಲ್ಲಿದ್ದೆ. ತುರ್ಕಿಯದೊಂದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹತ್ತಿರ ನಿಂತರೆ ಜೇನಿನಂಥ ದನಿ. ಅತ್ತೆ ಮಾತ್ರ ಎದ್ದು ರಸ್ತೆಗೆ ಹೋಗಿ ನಿಂತು ‘ಈಗ ಬಾರಿಸು’ ಅಂದರು. ಅಲ್ಲಿಗೆ ‘ಟಿಂಗ್’ ಕೇಳಲೇ ಇಲ್ಲ, ಬರೀ ಗುಂಯ್ ಅನ್ನುವ ಮಬ್ಬು ಸದ್ದು. ಮಂಟಪದಲ್ಲಿ ಕೇಳುವವರು ಹುಡುಗನ ತೊಡೆಯ ಮೇಲೆ ಕೂತಿರುವುದಿಲ್ಲವಲ್ಲ! ಅದರ ಪಕ್ಕದಲ್ಲಿದ್ದ ಮಂಕು ಬಣ್ಣದ, ಸ್ವಲ್ಪ ತೂಕದ ಇನ್ನೊಂದು ತಟ್ಟೆಯ ಪ್ರತಿ ಏಟೂ ರಸ್ತೆಯ ಗದ್ದಲದಲ್ಲೂ ಬಿಡಿಸಿ ಕೇಳಿತು. ತೆಳು ತಟ್ಟೆ ಬೇಗ ಬಾಯಿ ಬಿಡುತ್ತದೆ, ಬೇಗ ಆರುತ್ತದೆ. ದಪ್ಪ ತಟ್ಟೆ ನಿಧಾನ, ದೂರ ಹೋಗುತ್ತದೆ. ಕ್ರ್ಯಾಶಿಗೆ ತೆಳುವಾದದ್ದು, ರೈಡಿಗೆ ತೂಕದ್ದು ಅನ್ನುವುದು ಅಲ್ಲಿಯೇ ಅರ್ಥವಾಯಿತು. ಹೊಳಪು ಹೆಚ್ಚಿನ ಪಾಲು ಕಣ್ಣಿಗಷ್ಟೆ.

ಕಟ್ಟಿಸುವ ಮೊದಲು ಮಗ ಅಂಚಿನ ಸುತ್ತ ಉಗುರು ಎಳೆದು ನೋಡಿದ. ಬಿರುಕಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ನಡುವಿನ ತೂತು ದುಂಡಗಿದೆಯೇ ನೋಡಿದ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ತೂತನ್ನೇ ಮೊದಲು ನೋಡಬೇಕು. ಬೀಗದ ಕೈ ತೂತಿನ ಹಾಗೆ ಒಂದು ಕಡೆ ಸವೆದಿದ್ದರೆ ಅಲ್ಲಿಂದ ಸೀಳು ಹೊರಡುತ್ತದೆ. ಕೆಲವು ಕಂಪನಿಗಳು ಬಿರುಕಿಗೆ ವರ್ಷ, ಎರಡು ವರ್ಷ ಗ್ಯಾರಂಟಿ ಕೊಡುತ್ತವೆ. ನಮ್ಮದಕ್ಕೆ ಕಾರ್ಡು ಇರಲಿಲ್ಲ. ‘ಆರು ತಿಂಗಳಲ್ಲಿ ಸೀಳಿದರೆ ಬದಲಿ’ ಅಂತ ಬಿಲ್ಲಿನ ಮೇಲೆಯೇ ಬರೆಸಿ ಸೀಲು ಹಾಕಿಸಿದೆ. ಬಾಯಿಮಾತಿನ ಗ್ಯಾರಂಟಿ ಒಮ್ಮೆ ಸಾಕಾಗಿತ್ತು.

ಹೈ-ಹ್ಯಾಟಿಗೆ 9,500, ರೈಡಿಗೆ 12,000. ಉಳಿದ ಹಣದಲ್ಲಿ ಒಳಗೆ ಮೆತ್ತೆಯಿರುವ ಚೀಲ. ಕ್ರ್ಯಾಶಿಗೆ ದುಡ್ಡು ಸಾಲಲಿಲ್ಲ. ಹುಡುಗನ ಮುಖ ನೋಡಿ ಕರುಳು ಚುರ್ ಅಂದಿತು, ಕಿವಿಯೋಲೆಯ ನೆನಪೂ ಬಂತು. ಅತ್ತೆ ಕಣ್ಣಿನಲ್ಲೇ ಬೇಡ ಅಂದರು.

ಮನೆಗೆ ಬಂದ ಮೇಲೆ

ಒಡೆದ ಹಳೆಯದನ್ನು ಬೆಸುಗೆ ಹಾಕಿಸಿದರಾಗದೇ ಅಂತ ಯಜಮಾನರು ಕೇಳಿದರು. ಆಗುವುದಿಲ್ಲ, ಬೆಂಕಿಯ ಕಾವಿಗೆ ಲೋಹದ ಹದವೇ ಕೆಡುತ್ತದೆ. ಸೀಳಿನ ತುದಿಗೆ ಒಂದು ಸಣ್ಣ ತೂತು ಕೊರೆದರೆ ಅದು ಮುಂದೆ ಹರಿಯುವುದು ಸ್ವಲ್ಪ ಕಾಲ ನಿಲ್ಲುತ್ತದೆ, ಅಷ್ಟೆ. ನಮ್ಮದರಲ್ಲಿ ಸೀಳು ಬಹಳ ದೂರ ಹೋಗಿತ್ತು.

ಅದು ಒಡೆದದ್ದರಲ್ಲಿ ತಟ್ಟೆಯ ತಪ್ಪಷ್ಟೇ ಅಲ್ಲ ಅಂತಲೂ ಬಳೇಪೇಟೆಯಲ್ಲೇ ತಿಳಿಯಿತು. ಮಗ ಅಲುಗಾಡಬಾರದು ಅಂತ ಮೇಲಿನ ತಿರುಪನ್ನು ಬಿಗಿಯಾಗಿ ತಿರುಗಿಸಿಬಿಡುತ್ತಿದ್ದ. ಸಿಂಬಲ್ ಜೋಲಿಯ ಹಾಗೆ ತೂಗಾಡಬೇಕು. ಕೆಳಗೂ ಮೇಲೂ ಉಣ್ಣೆಯ ಬಿಲ್ಲೆ, ಕಡ್ಡಿಗೆ ತೂತು ತಾಗದ ಹಾಗೆ ಪ್ಲಾಸ್ಟಿಕ್ ಕೊಳವೆ ಇರಲೇಬೇಕು. ಎರಡೂ ಸೇರಿ ಕೆಲವು ರೂಪಾಯಿಯ ಮಾತು, ಅವು ಕಳೆದುಹೋದ ಮೇಲೆ ಇವನು ಹಾಕಿಯೇ ಇರಲಿಲ್ಲ. ಅಂಚಿಗೆ ನೇರವಾಗಿ ಕೊಡಲಿಯೇಟು ಹಾಕದೆ ಓರೆಯಾಗಿ ಸವರಿ ಹೊಡೆಯಬೇಕು ಅಂತಲೂ ಅಂಗಡಿಯವರೇ ತೋರಿಸಿದರು.

ನಾನು ಮಾಡಲಿದ್ದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಎರಡು ತಿಂಗಳಿಗೆ ಹೊಸ ತಟ್ಟೆಗಳು ಬೆರಳಿನ ಗುರುತಿನಿಂದ ಕಪ್ಪಾದವು. ಹುಣಸೆಹಣ್ಣು ನೆನೆಸಿಟ್ಟು ಉಜ್ಜಲು ಕೂತೆ. ಮಗ ಓಡಿ ಬಂದು ಕಸಿದುಕೊಂಡ. ಹುಣಸೆ, ನಿಂಬೆ, ಬೂದಿ ಯಾವುದೂ ಬೇಡ. ಹುಳಿಗೆ ಅಚ್ಚು ಅಳಿಸಿಹೋಗುತ್ತದೆ, ಒರಟಾಗಿ ಉಜ್ಜಿದರೆ ಮೇಲಿನ ಸಣ್ಣ ಗೀರುಗಳು ಸವೆಯುತ್ತವೆ. ಬಾರಿಸಿದ ರಾತ್ರಿಯೇ ಒಣ ಮೆದು ಬಟ್ಟೆಯಿಂದ ಬೆವರು ಒರೆಸಿಡುವುದು, ಬಹಳ ಕೊಳೆಯಾದರೆ ತೆಳು ಸೋಪಿನ ನೀರಿನಲ್ಲಿ ತೊಳೆದು ಕೂಡಲೇ ಒರೆಸುವುದು. ಇಷ್ಟೇ. ಅದಕ್ಕೆ ನನ್ನ ಹಳೆಯ ಹತ್ತಿ ಸೀರೆಯ ತುಂಡು ಕೊಟ್ಟಿದ್ದೇನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅದೇ ಸೀರೆಯ ಇನ್ನೊಂದು ತುಂಡನ್ನು ತಟ್ಟೆಯ ಮೇಲೆ ಹೊದಿಸಿದರೆ ಅಕ್ಕಪಕ್ಕದವರೂ ಬಯ್ಯುವುದಿಲ್ಲ. ಕಿವಿಗೆ ಬರೀ ಹತ್ತಿ ಸಾಲದು, ಔಷಧಿ ಅಂಗಡಿಯಲ್ಲಿ ಸಿಗುವ ಕಿವಿಬಿರಟೆ ಹಾಕಿಕೊಳ್ಳಲಿ. ಚಿಕ್ಕ ವಯಸ್ಸಿನಲ್ಲಿ ಕಿವಿ ಹಾಳಾದರೆ ತಿರುಗಿ ಬರುವುದಿಲ್ಲ.

ಕಾರ್ತಿಕದ ಮೊದಲ ಮದುವೆ ಶಿರಾದ ಮಂಟಪವೊಂದರಲ್ಲಿ. ಮಗ ಗೆಳೆಯನಿಂದ ಕ್ರ್ಯಾಶ್ ಸಾಲ ತಂದಿದ್ದ. ನಾನೂ ಅತ್ತೆಯೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಅತ್ತೆಗೆ ಸಿನಿಮಾ ಹಾಡು ಅಷ್ಟಕ್ಕಷ್ಟೇ. ಆದರೂ ಎರಡನೆಯ ಹಾಡಿಗೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ತಂಡದವರು ಆಮೇಲೆ ಏನೂ ಅನ್ನಲಿಲ್ಲ, ಮುಂದಿನ ಮದುವೆಯ ದಿನಾಂಕ ಹೇಳಿ ಕಳಿಸಿದರು. ಐನೂರು ರೂಪಾಯಿ ಮತ್ತೆ ನನ್ನ ಕೈಗೆ ಬರತೊಡಗಿತು. ಅದನ್ನು ಸಕ್ಕರೆ ಡಬ್ಬದ ಹಿಂದೆ ಬೇರೆ ಡಬ್ಬದಲ್ಲಿ ಇಡುತ್ತಿದ್ದೇನೆ, ಕ್ರ್ಯಾಶಿನ ಲೆಕ್ಕಕ್ಕೆ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಡಬ್ಬ ತುಂಬುವುದು ನಿಧಾನ, ಇನ್ನೂ ಎರಡು ಸಾವಿರ ಬೇಕು.

ಒಡೆದ ಹಿತ್ತಾಳೆ ತಟ್ಟೆಯನ್ನು ಗುಜರಿಗೆ ಹಾಕಲು ಅತ್ತೆ ಬಿಡಲಿಲ್ಲ. ಈ ವರ್ಷ ಕಡಲೆಕಾಯಿ ಹೊಲಕ್ಕೆ ನವಿಲಿನ ಕಾಟ, ರಾತ್ರಿ ಹಂದಿಯ ಕಾಟ. ಹೊಲದ ನಡುವಿನ ಜಾಲಿ ಕೊಂಬೆಗೆ ಅದನ್ನು ಕಟ್ಟಿಸಿ, ಪಕ್ಕದಲ್ಲಿ ಒಂದು ಕಬ್ಬಿಣದ ಸರಳು ತೂಗುಬಿಡಿಸಿದ್ದಾರೆ. ಗಾಳಿ ಬೀಸಿದಾಗಲೆಲ್ಲ ಅದು ಅದೇ ಹಳೆಯ ದನಿಯಲ್ಲಿ ‘ಟರ್ರ್’ ಅನ್ನುತ್ತದೆ. ನವಿಲುಗಳು ಆ ಕಡೆ ಸುಳಿದಿಲ್ಲ.